ಒಬ್ಬರ ಲೆಕ್ಕವೋ, ಎಂಟು ಮಂದಿಯ ಲೆಕ್ಕವೋ?

ಓದುಗರ ಪ್ರಶ್ನೆ: ಐಟಿ ಕೆಲಸ, ಕಚೇರಿ, ಕಿರಿಕಿರಿ. ಉತ್ತರ ಕೊಡುವವರು ಬೆಳಗಾವಿಯಲ್ಲಿ ಸಾಫ್ಟ್‌ವೇರ್ ತಂಡ ನಡೆಸುವ ನಮ್ಮ ಅಂಕಣಕಾರ್ತಿ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು 'ಈ ಕೆಲಸಕ್ಕೆ ಎಷ್ಟು ದಿನ ಬೇಕು' ಎನ್ನುವ ಒಂದೇ ತಕರಾರಿನ ಸುತ್ತ ಇದ್ದುದರಿಂದ ಅವನ್ನೇ ಒಟ್ಟಿಗೆ ಹಾಕಿದ್ದೇವೆ.

ಅಕ್ಕಾರ, ನಮ್ಮದು ಎಂಟು ಮಂದಿ ತಂಡ. ಎರಡು ವಾರದ ಸ್ಪ್ರಿಂಟ್, ಅಂದ್ರ ಎರಡೆರಡು ವಾರದ ಕಂತಿನ್ಯಾಗ ಕೆಲಸ. ಪ್ರತಿ ಸಲ ಶುರುವಿಗೆ ಪ್ಲಾನಿಂಗ್ ಪೋಕರ್ ಅಂತ, ಯಾವ ಕೆಲಸ ಎಷ್ಟು ದೊಡ್ಡದು ಅಂತ ನಂಬರಿನ ಕಾರ್ಡ್ ತೋರಿಸಿ ಹೇಳಾಕ, ಅರ್ಧ ದಿನ ಕೂಡಸ್ತಾರ. ಕಾರ್ಡ್ ಎತ್ತೂದು, ಚರ್ಚೆ ಮಾಡೂದು, ಕಡೀಗೆ ನಮ್ಮ ಟೆಕ್ ಲೀಡ್ ಸರ್ ಹೇಳಿದ ನಂಬರೇ ಖಾಯಂ. ಅದರ ಬದಲಿ ಯಾರ ಕೆಲಸಕ್ಕ ಅವರೇ ಅಂದಾಜು ಕೊಟ್ಟರ ಆಗೂದಿಲ್ಲೇನು? ಎಂಟು ಮಂದಿ ಅರ್ಧ ದಿನ ಉಳೀತೈತಿ.
— ಓದುಗರು, ಟಿಳಕವಾಡಿ, ಬೆಳಗಾವಿ

ಲೀಡ್ ಸರ್ ಹೇಳಿದ್ದೇ ಖಾಯಂ ಆಗುವುದಾದರೆ ನಿಮ್ಮಲ್ಲಿ ನಡೆಯುತ್ತಿರುವುದು ಗುಂಪಿನ ಅಂದಾಜೇ ಅಲ್ಲ. ಒಬ್ಬರ ಅಂದಾಜು, ಉಳಿದ ಏಳು ಮಂದಿಯ ಸಾಕ್ಷಿ ಸಹಿ. ಅದಕ್ಕೆ ಅರ್ಧ ದಿನ ಕಳೆಯುವುದು ದಂಡವೇ. ನಿಮ್ಮ ಸಿಟ್ಟು ನ್ಯಾಯದ್ದು. ನೀವು ಸೂಚಿಸಿದ ಮದ್ದನ್ನು ಮಾತ್ರ ನಾನು ಪೂರಾ ಒಪ್ಪುವುದಿಲ್ಲ.

ಮುಂದಿನ ಸಲ ಇಷ್ಟು ಗಮನಿಸಿ. ಕಾರ್ಡ್ ಎತ್ತುವ ಮುಂಚೆಯೇ ಸರ್ ಬಾಯಿಂದ ಏನಾದರೂ ಬರುತ್ತದೆಯೇ? "ಇದೇನ್ ಬಿಡ್ರಿ, ಎರಡು ದಿನದ ಕೆಲಸ, ಹೋದ ವರ್ಷ ಮಾಡೀವಲ್ಲ" ಎನ್ನುವ ಥರ? ಬಂತೆಂದರೆ ಆಟ ಅಲ್ಲಿಗೇ ಮುಗಿಯಿತು. ಮೊದಲು ಕಿವಿಗೆ ಬಿದ್ದ ಅಂಕಿ ತಲೆಯಲ್ಲಿ ಗೂಟ ಹೊಡೆದುಕೊಂಡು ಕೂರುತ್ತದೆ. ಏಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಬರೆದ ಪ್ರಯೋಗವೊಂದಿದೆ. ಜನರ ಎದುರು ಅದೃಷ್ಟದ ಚಕ್ರ ತಿರುಗಿಸಿ, ಆಮೇಲೆ ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ಆಫ್ರಿಕಾದವು ಶೇಕಡಾ ಎಷ್ಟು ಎಂದು ಕೇಳಿದರು. ಚಕ್ರ 10ಕ್ಕೆ ನಿಂತದ್ದನ್ನು ಕಂಡವರ ಉತ್ತರಗಳ ನಡುವಿನ ಅಂಕಿ 25. 65ಕ್ಕೆ ನಿಂತದ್ದನ್ನು ಕಂಡವರದು 45. ಚಕ್ರಕ್ಕೂ ಆಫ್ರಿಕಾಕ್ಕೂ ಸಂಬಂಧವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಹೀಗೆ. ಇನ್ನು ನಮ್ಮ ಅಪ್ರೈಸಲ್ ಬರೆಯುವ ಸರ್ ಬಾಯಿಂದ ಬಂದ ಅಂಕಿಯ ಕಥೆ ಕೇಳುವುದೇ ಬೇಡ.

ಇದಕ್ಕೆ ಎದುರಾಗಿ ಇಂಗ್ಲಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಪ್ರದರ್ಶನದಲ್ಲಿ ಒಂದು ಎತ್ತನ್ನು ನಿಲ್ಲಿಸಿ, ಕಡಿದು ಹಸನು ಮಾಡಿದ ಮೇಲೆ ಎಷ್ಟು ತೂಗೀತು ಎಂದು ಊಹಿಸುವ ಪಂದ್ಯ ಇಟ್ಟಿದ್ದರು. ದುಡ್ಡು ಕೊಟ್ಟು ಚೀಟಿ ಕೊಂಡು, ತಮ್ಮ ಊಹೆಯನ್ನು ತಾವೇ ಬರೆದು ಹಾಕಬೇಕು. ಗಾಲ್ಟನ್ ಕೈಗೆ ಸಿಕ್ಕ 787 ಚೀಟಿಗಳ ನಟ್ಟನಡುವಿನ ಅಂಕಿ 1207 ಪೌಂಡು, ನಿಜವಾದ ತೂಕ 1198. ನೂರಕ್ಕೆ ಒಂದರಷ್ಟೂ ತಪ್ಪಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಗುಂಪೇ, ಆದರೆ ಗುಂಪಾಗಿ ಕೂತು ಮಾತಾಡಿದ ಗುಂಪಲ್ಲ.

ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ದನದ ಸಂತೆಯಲ್ಲಿ ದಲಾಲಿ ಟವೆಲ್ ಹೊದಿಸಿ, ಕೆಳಗೆ ಬೆರಳು ಹಿಡಿದೇ ದರ ಮಾತಾಡುತ್ತಾನೆ. ಸುತ್ತ ನಿಂತವರ ಕಿವಿಗೆ ದರ ಬಿದ್ದರೆ ಮುಂದಿನ ಗಿರಾಕಿಯೂ ಅಲ್ಲಿಂದಲೇ ಶುರು ಹಚ್ಚುತ್ತಾನೆ ಎನ್ನುವುದು ಅವನಿಗೆ ಗೊತ್ತು. ಪೋಕರಿನಲ್ಲಿ ಕಾರ್ಡ್ ಬೋರಲು ಹಾಕುವುದು ಇದಕ್ಕೇ. ಒಂದೇ ವ್ಯತ್ಯಾಸ, ಇಲ್ಲಿ ಕಡೆಗೆ ಟವೆಲ್ ತೆಗೆಯಲೇಬೇಕು, ಅದೂ ಎಲ್ಲರದ್ದೂ ಒಮ್ಮೆಗೇ.

ಟವೆಲ್ ತೆಗೆದ ಮೇಲೆ ಏನಾಗಬೇಕು ಎನ್ನುವುದಕ್ಕೆ ನಮ್ಮ ತಂಡದ್ದೇ ಒಂದು ಸ್ಟೋರಿ ಹೇಳುತ್ತೇನೆ. (ಸ್ಟೋರಿ ಎಂದರೆ ಇಲ್ಲಿ ಕಥೆಯಲ್ಲ, ತಂಡ ಕೈಗೆತ್ತಿಕೊಳ್ಳುವ ಒಂದು ತುಂಡು ಕೆಲಸ.) ಸಾಲದ ಕಂತು ಬಾಕಿ ಇದ್ದವರಿಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಹೋಗಬೇಕು, ಅಷ್ಟೇ. ಕಾರ್ಡ್ ತಿರುವಿದಾಗ ನಾಲ್ವರು ಡೆವಲಪರ್‌ಗಳದು 2, 3, 3, 3. ಟೆಸ್ಟರ್ ಹುಡುಗಿಯದು 13. ಯಾರೋ ಕಿಸಕ್ಕೆಂದರು. ಆಕೆ ಸಾವಕಾಶ ಹೇಳಿದಳು: ಕಂಪನಿಯ ಹೆಸರಿನಲ್ಲಿ ಹೋಗುವ ಪ್ರತಿ ಸಂದೇಶದ ನಮೂನೆಯನ್ನೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು, ನೋಂದಾಯಿಸಿದ ಸಾಲಿಗೆ ಹೊಂದದಿದ್ದರೆ ಸಂದೇಶ ಅಲ್ಲೇ ನಿಲ್ಲುತ್ತದೆ. ಎರಡನೆಯದು, ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡ ಯೂನಿಕೋಡ್ ಆದರೆ 70. ಅದರಲ್ಲೂ ಒತ್ತು, ಕಾಗುಣಿತ ಎಲ್ಲ ಬೇರೆ ಬೇರೆ ಎಣಿಕೆ. 'ಮಲ್ಲಿಕಾರ್ಜುನ' ಎಂದು ಹೆಸರು ಹಾಕಿ, ಸಾಲದ ನಂಬರ್ ಹಾಕಿ, ಮೊತ್ತ ಹಾಕಿ, ತಾರೀಖು ಹಾಕಿದರೆ ಒಂದು ಸಂದೇಶ ಮೂರಾಗುತ್ತದೆ, ಖರ್ಚೂ ಮೂರು ಪಟ್ಟು. ನಮಗೆ ಕೆಲಸ ಕೊಟ್ಟ ಗ್ರಾಹಕರು ಇದಕ್ಕೆ ಒಪ್ಪಿದ್ದಾರಾ?

ಯಾರೂ ಒಪ್ಪಿರಲಿಲ್ಲ, ಯಾರೂ ಕೇಳಿಯೇ ಇರಲಿಲ್ಲ. ಐದೂ ಕಾರ್ಡಿನ ಸರಾಸರಿ ತೆಗೆದಿದ್ದರೆ ಐದರ ಹತ್ತಿರ ಬಂದು ನಿಲ್ಲುತ್ತಿತ್ತು, ಎಲ್ಲರೂ ಚಹಾಕ್ಕೆ ಏಳುತ್ತಿದ್ದರು, ಎಸ್ಸೆಮ್ಮೆಸ್ ಮಾತ್ರ ಯಾರಿಗೂ ಹೋಗುತ್ತಿರಲಿಲ್ಲ. ನಾವು ಸ್ಟೋರಿಯನ್ನು ಎರಡು ಮಾಡಿದೆವು. ನಮೂನೆ ಬರೆದು, ಒಪ್ಪಿಗೆ ಪಡೆದು, ನೋಂದಾಯಿಸುವುದು ಈ ಸ್ಪ್ರಿಂಟ್‌ಗೆ. ಕೋಡ್ ಮುಂದಿನದಕ್ಕೆ.

ಗುಂಪಿನ ಅಂದಾಜಿನಿಂದ ನನಗೆ ಬೇಕಾದದ್ದು ಇದೇ. ಅಂಕಿ ಚೆಂದ ಬರಲಿ ಎಂದಲ್ಲ, ಅಂಕಿಗಳ ನಡುವೆ ಅಂತರ ಕಾಣಲಿ ಎಂದು. ಮೂರಕ್ಕೂ ಹದಿಮೂರಕ್ಕೂ ನಡುವೆ ಯಾರೋ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ವಿಷಯ ಕೂತಿರುತ್ತದೆ. ಒಬ್ಬೊಬ್ಬರೇ ಕೊಟ್ಟ ಅಂದಾಜನ್ನು ಮ್ಯಾನೇಜರ್ ಎಕ್ಸೆಲ್‌ನಲ್ಲಿ ಕೂಡಿಸಿಕೊಂಡರೆ ಆ ಅಂತರ ಯಾರ ಕಣ್ಣಿಗೂ ಬೀಳುವುದಿಲ್ಲ. ಕೋಡ್ ಬರೆಯುವವರು ತಮ್ಮ ಕೋಡಿನ ಹೊತ್ತು ಹೇಳುತ್ತಾರೆ. ಟೆಸ್ಟಿಂಗ್, ರಿವ್ಯೂ, ಸರ್ವರ್‌ಗೆ ಹಾಕುವುದು, ಇವು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಮತ್ತೆ, ನೀವು ಹೇಳಿದ ಮೂರು ದಿನ ನಿಮ್ಮದು. ನೀವು ಊರ ಜಾತ್ರೆಗೆ ರಜೆ ಹಾಕಿದರೆ ಆ ಮೂರು ದಿನ ಇನ್ನೊಬ್ಬರ ಕೈಯಲ್ಲಿ ಏಳೂ ಆಗಬಹುದು.

ಹಾಗಾಗಿ ಪೋಕರ್ ಬಿಡಬೇಡಿ, ರಿಪೇರಿ ಮಾಡಿ. ಲೀಡ್ ಸರ್ ಸ್ಟೋರಿ ಬಗ್ಗೆ ಪ್ರಶ್ನೆಗೆ ಉತ್ತರಿಸಲಿ, ಆದರೆ ಅಂಕಿ ಬಾಯಿಗೆ ಬರಬಾರದು. ಕಾರ್ಡ್ ತಿರುವಿದ ಮೇಲೆ ಎಲ್ಲಕ್ಕಿಂತ ಹೆಚ್ಚು ಹಾಕಿದವರು, ಎಲ್ಲಕ್ಕಿಂತ ಕಡಿಮೆ ಹಾಕಿದವರು, ಇಬ್ಬರೇ ಮೊದಲು ಮಾತಾಡಲಿ. ಸರ್ ಕಡೆಗೆ. ಎಲ್ಲರದ್ದೂ ಒಂದೇ ಅಂಕಿ ಬಂತೋ, ಚರ್ಚೆಯೇ ಬೇಡ, ಮುಂದಿನದಕ್ಕೆ ಹೋಗಿ. ಎರಡು ಸುತ್ತಿನಲ್ಲಿ ಹತ್ತಿರ ಬರದಿದ್ದರೆ ಮೂರನೆಯ ಸುತ್ತು ಆಡಬೇಡಿ, ಆ ಸ್ಟೋರಿ ಇನ್ನೂ ಹಣ್ಣಾಗಿಲ್ಲ ಎಂದರ್ಥ, ವಾಪಸ್ ಕಳಿಸಿ. ಅರ್ಧದಷ್ಟು ಮಂದಿ ಮನೆಯಿಂದ ಸೇರುವ ತಂಡವಾದರೆ ಎಲ್ಲರೂ ಚಾಟ್‌ನಲ್ಲಿ ಅಂಕಿ ಟೈಪ್ ಮಾಡಿ ತಡೆದುಕೊಳ್ಳಿ, ಒಬ್ಬರು ಮೂರು ಎಣಿಸಿದ ಮೇಲೆ ಎಂಟರ್ ಒತ್ತಿ. ಆ್ಯಪ್ ಗೀಪ್ ಏನೂ ಬೇಡ. ಎಂಟು ಮಂದಿಗೆ ಒಂದೂವರೆ ತಾಸು ಸಾಕಾಗುತ್ತದೆ.

ನೀವು ಹೇಳಿದ ದಾರಿಗೂ ಜಾಗ ಇದೆ. ಒಬ್ಬರೇ ಬಲ್ಲ ಹಳೆಯ ರಿಪೋರ್ಟ್, ಹೆಸರು ಬದಲಿಸುವಂಥ ಸಣ್ಣ ಬಗ್, ಸ್ಪ್ರಿಂಟ್ ಶುರುವಾದ ಮೇಲೆ ಸ್ಟೋರಿಯನ್ನು ತುಂಡು ಮಾಡಿ ತಾಸಿನ ಲೆಕ್ಕ ಹಾಕುವುದು: ಇಲ್ಲೆಲ್ಲ ಮಾಡುವವರೇ ಹೇಳಲಿ. ಗೊತ್ತಿಲ್ಲದ ಏಳು ಮಂದಿಯ ಕಾರ್ಡ್ ಅಲ್ಲಿ ಬರೀ ಗದ್ದಲ.

ನಾನು ನಿವೃತ್ತ ಕನ್ನಡ ಶಿಕ್ಷಕ. ಮಗ ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಾನೆ. ಮೊನ್ನೆ ಕದ ಅರ್ಧ ತೆರೆದಿತ್ತು. "ಪೋಕರ್ ಶುರು ಮಾಡೋಣ" ಎಂದ. "ನಂದು ಐದು", "ನಂದು ಎಂಟು", "ಯಾರ್ರೀ ಹದಿಮೂರು?" ಎಂದು ನಗು. ಕೇಳಿದರೆ ಆಫೀಸ್ ಕೆಲಸ ಎನ್ನುತ್ತಾನೆ. ಇದು ಜೂಜೋ, ಕೆಲಸವೋ? ಕೆಲಸವೇ ಆದರೆ ನಾಲ್ಕು, ಆರು, ಏಳು ಯಾಕೆ ಬರುವುದಿಲ್ಲ?
— ಓದುಗರು, ಅಥಣಿ

ಗುರುಗಳೇ, ನಿಶ್ಚಿಂತೆಯಿಂದ ಇರಿ, ಕೆಲಸವೇ. ಇಸ್ಪೀಟಿನ ಹಾಗೆ ಕಾರ್ಡ್ ಇರುತ್ತದೆ, ದುಡ್ಡು ಇರುವುದಿಲ್ಲ. ಒಂದೊಂದು ಕೆಲಸ ಎಷ್ಟು ದೊಡ್ಡದು ಎಂದು ತಂಡದವರು ಅಂಕಿ ತೋರಿಸಿ ಹೇಳುತ್ತಾರೆ.

ನಾಲ್ಕು, ಆರು, ಏಳು ಯಾಕಿಲ್ಲ ಎನ್ನುವುದು ಬಹಳ ಮಂದಿ ಇಂಜಿನಿಯರ್‌ಗಳು ಕೇಳದ ಪ್ರಶ್ನೆ. ನಿಮಗೆ ಉತ್ತರ ಹೇಳುವುದು ಸುಲಭ, ಯಾಕೆಂದರೆ ಜೀವಮಾನವೆಲ್ಲ ನೀವು ಹಲಗೆಯ ಮೇಲೆ ಬರೆದದ್ದೇ ಇದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ಮೂರು ಲಘು, ಲಘು-ಗುರು, ಗುರು-ಲಘು: ಒಟ್ಟು 3. ನಾಲ್ಕು ಮಾತ್ರೆಯದನ್ನು 5 ಬಗೆ, ಐದು ಮಾತ್ರೆಯದನ್ನು 8 ಬಗೆ, ಆರಕ್ಕೆ 13. ಭಾಮಿನಿ ಷಟ್ಪದಿಯ ಮೂರು-ನಾಲ್ಕು, ವಾರ್ಧಕ ಷಟ್ಪದಿಯ ಐದು, ಇವುಗಳ ಪ್ರಸ್ತಾರ (ಎಲ್ಲ ಬಗೆಗಳ ಪಟ್ಟಿ) ಹಾಕಿದರೆ ನಿಮ್ಮ ಮಗನ ಕಾರ್ಡುಗಳೇ ಬಂದು ನಿಲ್ಲುತ್ತವೆ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಎನ್ನುವ ಈ ನಿಯಮವನ್ನು ವಿರಹಾಂಕ, ಆಮೇಲೆ 12ನೇ ಶತಮಾನದಲ್ಲಿ ಹೇಮಚಂದ್ರ, ಛಂದಸ್ಸಿನ ಲೆಕ್ಕಕ್ಕಾಗಿಯೇ ಬರೆದಿಟ್ಟರು. ಇಟಲಿಯ ಫಿಬೊನಾಚಿ ಮೊಲಗಳ ಲೆಕ್ಕ ಬರೆದದ್ದು 1202ರಲ್ಲಿ. ಹೆಸರು ಮಾತ್ರ ಅವನಿಗೆ ಸಂದಿತು.

ಸಾಫ್ಟ್‌ವೇರ್‌ನವರಿಗೆ ಇದು ಹಿಡಿಸಿದ ಕಾರಣ ಬೇರೆ. ಅಂಕಿ ದೊಡ್ಡದಾದಂತೆ ನಡುವಿನ ಸಂದು ಅಗಲವಾಗುತ್ತದೆ. ಸಣ್ಣ ಕೆಲಸದಲ್ಲಿ ಎರಡಕ್ಕೂ ಮೂರಕ್ಕೂ ಇರುವ ಫರಕು ನಮಗೆ ತಿಳಿಯುತ್ತದೆ. ದೊಡ್ಡ ಕೆಲಸದಲ್ಲಿ ಹದಿನಾರೋ ಹದಿನೇಳೋ ಎಂದು ಜಗಳಾಡುವುದು ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದಂತೆ. ಅದಕ್ಕೆ ಹದಿಮೂರು ಆದ ಮೇಲೆ 20, 40, 100 ಎಂದು ಇನ್ನೂ ಸಡಿಲ ಬಿಟ್ಟಿದ್ದಾರೆ. ಕೆಲವು ಕಟ್ಟುಗಳಲ್ಲಿ ಚಹಾ ಕಪ್ಪಿನ ಚಿತ್ರದ ಕಾರ್ಡೂ ಇರುತ್ತದೆ. ಅದನ್ನು ಎತ್ತಿದರೆ 'ಸಾಕು, ಸ್ವಲ್ಪ ಬಿಡುವು ಕೊಡಿ' ಎಂದು. ಮಗ ಅದನ್ನು ಎತ್ತಿದ್ದು ಕಂಡರೆ ಒಂದು ಲೋಟ ಒಳಗೆ ಕಳಿಸಿಕೊಡಿ.

ಮೇಡಂ, ನಾನು ಒಬ್ಬನೇ ಕೆಲಸ ಮಾಡುವವ. ಸಣ್ಣ ಸೊಸೈಟಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಈಗ ಪಿಗ್ಮಿ ಕಲೆಕ್ಷನ್ ಆ್ಯಪ್ ಕೇಳಿದ್ದಾರೆ: ಏಜೆಂಟ್ ಮೊಬೈಲ್‌ನಲ್ಲಿ ಹಣ ಬರೆದುಕೊಳ್ಳಬೇಕು, ಸೊಂಟಕ್ಕೆ ಕಟ್ಟಿದ ಸಣ್ಣ ಪ್ರಿಂಟರ್‌ನಿಂದ ಕನ್ನಡ ರಸೀದಿ ಕೊಡಬೇಕು, ಸಂಜೆ ಲೆಕ್ಕ ಸೊಸೈಟಿಗೆ ಸೇರಬೇಕು. ಕಾರ್ಯದರ್ಶಿಯವರು ವಾರ್ಷಿಕ ಸಭೆಗೆ ಮುಂಚೆ ತಾರೀಖು ಹೇಳ್ರಿ ಅಂತಾರ. ನನಗೆ ಪೋಕರ್ ಆಡಲು ಯಾರಿದ್ದಾರೆ?
— ಓದುಗರು, ನವನಗರ, ಬಾಗಲಕೋಟೆ

ಇಡೀ ಆ್ಯಪಿಗೆ ಒಂದೇ ಅಂಕಿ ಹೇಳಬೇಡಿ, ಅದು ಮೊದಲನೆಯದು. ಒಂದೆರಡು ದಿನದಲ್ಲಿ ಮುಗಿಯುವಂಥ ತುಂಡುಗಳಾಗಿ ಬರೆಯಿರಿ: ಏಜೆಂಟ್ ಲಾಗಿನ್, ಖಾತೆಗಳ ಪಟ್ಟಿ, ನೆಟ್‌ವರ್ಕ್ ಇಲ್ಲದಾಗ ಉಳಿಸಿಕೊಳ್ಳುವುದು, ತಪ್ಪು ಮೊತ್ತ ಬರೆದರೆ ರದ್ದು ಮಾಡುವುದು, ರಸೀದಿ, ಸಂಜೆಯ ಜಮಾ. ಬರೆಯುತ್ತ ಹೋದ ಹಾಗೆ ಮರೆತದ್ದು ತಾನೇ ಕೈಗೆ ಬರುತ್ತದೆ. 'ರದ್ದು ಮಾಡುವುದು' ನಿಮ್ಮ ಪತ್ರದಲ್ಲಿ ಇರಲಿಲ್ಲ, ನೋಡಿ.

ಭರವಸೆ ಇಲ್ಲದ ತುಂಡಿಗೆ ಮೂರು ಅಂಕಿ ಹಾಕಿ: ಎಲ್ಲ ಸುಸೂತ್ರವಾದರೆ, ಸಾಮಾನ್ಯವಾಗಿ, ಎಲ್ಲ ಕೆಟ್ಟರೆ. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿ, ಆರರಿಂದ ಭಾಗಿಸಿ. ಅಮೆರಿಕದ ನೌಕಾಪಡೆ 1958ರ ಸುಮಾರಿಗೆ ಪೊಲಾರಿಸ್ ಕ್ಷಿಪಣಿಗೆ ರೂಪಿಸಿದ ಪರ್ಟ್ ಪದ್ಧತಿಯ ಸೂತ್ರ ಇದು, ಪಿಗ್ಮಿಗೂ ನಡೆಯುತ್ತದೆ. ನಿಮ್ಮ ರಸೀದಿಯನ್ನೇ ತೆಗೆದುಕೊಳ್ಳೋಣ. ಸುಸೂತ್ರವಾದರೆ 2 ದಿನ, ಸಾಮಾನ್ಯವಾಗಿ 3, ಕೆಟ್ಟರೆ 16. ಎರಡಕ್ಕೆ ಹನ್ನೆರಡು, ಅದಕ್ಕೆ ಹದಿನಾರು ಕೂಡಿದರೆ ಮೂವತ್ತು, ಆರರಿಂದ ಭಾಗಿಸಿದರೆ 5 ದಿನ. ಬಾಯಿಗೆ ಬರುತ್ತಿದ್ದ ಮೂರಕ್ಕಿಂತ ಎರಡು ಹೆಚ್ಚು. ಹದಿನಾರು ಜಾಸ್ತಿ ಆಯಿತು ಅನ್ನಿಸುತ್ತಿದೆಯೇ? ಅಗ್ಗದ ಬ್ಲೂಟೂತ್ ಥರ್ಮಲ್ ಪ್ರಿಂಟರ್‌ಗಳೊಳಗೆ ಸಾಮಾನ್ಯವಾಗಿ ಕನ್ನಡ ಅಕ್ಷರವೇ ಇರುವುದಿಲ್ಲ. ಇಂಗ್ಲಿಷ್ ಕಳಿಸಿದರೆ ಅಚ್ಚಾಗುತ್ತದೆ, ಕನ್ನಡ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ರಸೀದಿಯನ್ನು ಫೋನಿನಲ್ಲೇ ಚಿತ್ರವಾಗಿ ಬಿಡಿಸಿ, ಆ ಚಿತ್ರವನ್ನು ಪ್ರಿಂಟರ್‌ಗೆ ಕಳಿಸಬೇಕು. ಆಗ ಅದು ನಿಧಾನವಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಅಂಗಡಿಯ ಮುಂದೆ ನಿಂತ ಏಜೆಂಟ್ ಬೈಯುತ್ತಾನೆ. ಸೊಸೈಟಿಯವರು ಯಾವ ಪ್ರಿಂಟರ್ ತರುತ್ತಾರೆ ಎಂದು ಇವತ್ತೇ ಕೇಳಿ, ಒಂದನ್ನು ಮನೆಗೆ ತಂದು 'ಜಮಾ' ಎಂದು ಅಚ್ಚು ಹಾಕಿ ನೋಡಿ. ಆ ಒಂದು ಮಧ್ಯಾಹ್ನದ ಕೆಲಸದಿಂದ ಹದಿನಾರು ನಾಲ್ಕಕ್ಕೆ ಇಳಿಯಲೂಬಹುದು.

ತಂಡ ಇಲ್ಲ ಎಂದಿರಿ. ಪಿಗ್ಮಿ ಏಜೆಂಟ್ ಇದ್ದಾರಲ್ಲ? ಅವರೊಂದಿಗೆ ಒಂದು ಬೆಳಿಗ್ಗೆ ಬಜಾರ್ ಸುತ್ತಿ ಬನ್ನಿ. ಅವರಿಗೆ ಕೋಡ್ ಗೊತ್ತಿಲ್ಲ, ಆದರೆ ಯಾವ ಅಂಗಡಿಯವರು ಎರಡು ಖಾತೆಗೆ ಒಂದೇ ನೋಟು ಕೊಡುತ್ತಾರೆ ಎಂದು ಗೊತ್ತಿದೆ. ಪುಣೆಯಲ್ಲೋ ಹುಬ್ಬಳ್ಳಿಯಲ್ಲೋ ಇರುವ ಸಹಪಾಠಿಗೆ ತುಂಡುಗಳ ಪಟ್ಟಿ ಕಳಿಸಿ, ನಿಮ್ಮ ಅಂಕಿ ತೋರಿಸದೆ ಅವರ ಅಂಕಿ ಕೇಳಿ. ಇಬ್ಬರದ್ದೂ ಎಲ್ಲಿ ದೂರ ದೂರ ಬಂತೋ ಅಲ್ಲಿ ಮಾತ್ರ ಫೋನ್ ಮಾಡಿ. ಯಾರೂ ಸಿಗದಿದ್ದರೆ ನೀವೇ ಇಬ್ಬರಾಗಿ: ಈಗೊಮ್ಮೆ ಬರೆದು ಮಡಚಿಟ್ಟು, ಕೆಲವು ದಿನ ಬಿಟ್ಟು ಹಳೆಯದನ್ನು ನೋಡದೆ ಮತ್ತೊಮ್ಮೆ ಬರೆಯಿರಿ. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ವುಲ್, ಹೆರಾಲ್ಡ್ ಪ್ಯಾಶ್ಲರ್ 2008ರಲ್ಲಿ ತೋರಿಸಿದ ಹಾಗೆ ಒಬ್ಬರದೇ ಎರಡು ಊಹೆಗಳ ಸರಾಸರಿ ಒಂದೊಂದೇ ಊಹೆಗಿಂತ ಸತ್ಯಕ್ಕೆ ಹತ್ತಿರ ಬರುತ್ತದೆ. ಕೂಡಲೇ ಕೇಳಿದ್ದಕ್ಕಿಂತ ಮೂರು ವಾರ ಬಿಟ್ಟು ಕೇಳಿದಾಗ ಲಾಭ ಇನ್ನೂ ಹೆಚ್ಚು. ನಿಮಗೆ ಮೂರು ವಾರ ಸಿಗಲಿಕ್ಕಿಲ್ಲ, ಒಂದು ರವಿವಾರವಾದರೂ ಸಿಕ್ಕೀತು.

ಹಳೆಯ ಕೆಲಸಗಳ ಲೆಕ್ಕ ಇಟ್ಟಿದ್ದೀರಾ? ಹೇಳಿದ್ದು ಎಷ್ಟು, ಹಿಡಿದದ್ದು ಎಷ್ಟು? ಇಲ್ಲದಿದ್ದರೆ ಪಿಗ್ಮಿಯಿಂದಲೇ ಒಂದು ನೋಟ್‌ಬುಕ್ ಶುರು ಮಾಡಿ. ಈ ಸಲದ ಕೆಲಸ ಹೋದ ಸಲದಂತಲ್ಲ, ಬೇಗ ಆಗುತ್ತದೆ ಎಂದು ಎಲ್ಲರ ಮನಸ್ಸೂ ಹೇಳುತ್ತದೆ. ಅದರ ಬಾಯಿ ಮುಚ್ಚಿಸಲು ಬರೆದಿಟ್ಟ ಲೆಕ್ಕವೇ ಬೇಕು.

ಕಾರ್ಯದರ್ಶಿಯವರಿಗೆ "ಮೂರರಿಂದ ಐದು ವಾರ" ಎನ್ನಬೇಡಿ, ಅವರ ಕಿವಿಗೆ ಮೂರು ಮಾತ್ರ ಬೀಳುತ್ತದೆ. ಐದು ವಾರ ಎಂದು ಬರೆದುಕೊಡಿ. ಮೂರನೇ ವಾರಕ್ಕೆ ಒಬ್ಬ ಏಜೆಂಟ್ ಕೈಗೆ ರಸೀದಿ ಕೊಡುವಷ್ಟು ಆ್ಯಪ್ ಕೊಟ್ಟುಬಿಡಿ. ವಾರ್ಷಿಕ ಸಭೆಯಲ್ಲಿ ತೋರಿಸಲು ಅವರಿಗೆ ಅಷ್ಟು ಸಾಕು.

ಗುಂಪಿನ ಅಂದಾಜೇ ಮೇಲು ಎನ್ನುವುದಕ್ಕೆ ಪುರಾವೆ ಇದೆಯೇ? ಡೆಲ್ಫಿ, ಪ್ಲಾನಿಂಗ್ ಪೋಕರ್ ಎರಡೂ ಒಂದೇನಾ? ಸೆಮಿನಾರ್ ಇದೆ, ಬೇಗ ಹೇಳಿ.
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ವಿಜಯಪುರ

ಒಂದೇ ವಂಶ. 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಡೆಲ್ಫಿ ಹುಟ್ಟಿತು: ತಜ್ಞರು ಮುಖ ನೋಡದೆ, ಹೆಸರು ಹೇಳದೆ, ಸುತ್ತಿನ ಮೇಲೆ ಸುತ್ತು ಬರೆದು ಕೊಡುವುದು. 1970ರ ದಶಕದಲ್ಲಿ ಬ್ಯಾರಿ ಬೋಹಮ್ ಮತ್ತು ಜಾನ್ ಫಾರ್ಕ್ವಾರ್ ಅದಕ್ಕೆ ಸುತ್ತುಗಳ ನಡುವೆ ಎದುರುಬದುರು ಮಾತುಕತೆ ಸೇರಿಸಿ ವೈಡ್‌ಬ್ಯಾಂಡ್ ಡೆಲ್ಫಿ ಮಾಡಿದರು. 2002ರಲ್ಲಿ ಜೇಮ್ಸ್ ಗ್ರೆನಿಂಗ್ ಅದರ ಫಾರಂಗಳನ್ನೆಲ್ಲ ಕಿತ್ತೊಗೆದು ಕೈಗೆ ಕಾರ್ಡ್ ಕೊಟ್ಟರು. ಮೈಕ್ ಕೋನ್ ಬರೆದ 2005ರ ಪುಸ್ತಕದಿಂದ ಅದು ಜಗತ್ತಿಗೆಲ್ಲ ಹಬ್ಬಿತು.

ಪುರಾವೆ ಇದೆ, ಆದರೆ ಸ್ಲೈಡಿನಲ್ಲಿ 'ಸಾಬೀತಾಗಿದೆ' ಎಂದು ದಪ್ಪಕ್ಷರದಲ್ಲಿ ಹಾಕುವಷ್ಟಲ್ಲ. ನಾರ್ವೆಯ ಮೊಲೊಕ್ಕೆನ್-ಓಸ್ಟ್‌ವೋಲ್ಡ್ ಮತ್ತು ಯೋರ್ಗೆನ್ಸನ್ 2004ರಲ್ಲಿ ಕಂಡದ್ದು: ಒಬ್ಬೊಬ್ಬರೇ ಅಂದಾಜು ಹಾಕಿದವರು ಗುಂಪಿನಲ್ಲಿ ಚರ್ಚಿಸಿದ ಮೇಲೆ ಅತಿ ಆಶಾವಾದ ಬಿಟ್ಟು ಅಂಕಿ ಹೆಚ್ಚಿಸಿಕೊಂಡರು, ಅದು ವಾಸ್ತವಕ್ಕೆ ಹತ್ತಿರವೂ ಇತ್ತು. 2008ರಲ್ಲಿ ನಿಜವಾದ ಪ್ರಾಜೆಕ್ಟ್ ಒಂದರಲ್ಲಿ ನೋಡಿದಾಗ, ಪೋಕರ್ ಹಾಕಿದ ಕೆಲಸಗಳಲ್ಲಿ ಗುಂಪಿನ ಒಮ್ಮತ ಅದೇ ಮಂದಿಯ ಬಿಡಿ ಅಂಕಿಗಳನ್ನು ಲೆಕ್ಕಕಟ್ಟಿ ಕೂಡಿಸಿದ್ದಕ್ಕಿಂತ ನಿಖರವಾಗಿತ್ತು. ಆದರೆ ಅದೇ ಪ್ರಾಜೆಕ್ಟಿನಲ್ಲಿ ಒಬ್ಬೊಬ್ಬರೇ ಅಂದಾಜು ಹಾಕಿದ ಬೇರೆ ಕೆಲಸಗಳ ನಿಖರತೆಯೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಈ ಕೊನೆಯ ವಾಕ್ಯವನ್ನು ಸೆಮಿನಾರ್‌ನಲ್ಲಿ ನುಂಗಬೇಡಿ, ಪ್ರಶ್ನೆ ಬರುವುದೇ ಅಲ್ಲಿಂದ.

ಒಂದು ಸ್ಟೋರಿ ಪಾಯಿಂಟ್ ಅಂದ್ರ ಎಷ್ಟು ತಾಸು? ನಮ್ಮ ಮ್ಯಾನೇಜರ್ ಸಾಹೇಬ್ರು ಎಂಟು ತಾಸು ಅಂತ ಎಕ್ಸೆಲ್ ಮಾಡ್ಯಾರ. ಈಗ ಪುಣೆ ತಂಡದ ಪಾಯಿಂಟ್ ಜಾಸ್ತಿ, ನಿಮ್ಮದು ಕಡಿಮಿ ಅಂತಾರ.
— ಓದುಗರು, ಉದ್ಯಮಬಾಗ, ಬೆಳಗಾವಿ

ಎಂಟು ತಾಸು ಎಂದು ಖಾಯಂ ಮಾಡಿದರೆ ಅದು ಪಾಯಿಂಟ್ ಅಲ್ಲ, ದಿನ. ದಿನ ಎಂದೇ ಬರೆಯಲಿ, ತಕರಾರಿಲ್ಲ. ಪಾಯಿಂಟ್, ಅಂದರೆ ಪೋಕರ್ ಕಾರ್ಡಿನ ಅಂಕಿ, ಒಂದು ತಂಡ ತನ್ನದೇ ಹಳೆಯ ಕೆಲಸದ ಪಕ್ಕಕ್ಕೆ ಹೊಸದನ್ನು ಇಟ್ಟು ಹೇಳುವ ಅಳತೆ. ಪುಣೆಯವರ ಐದು ನಿಮ್ಮ ಐದಲ್ಲ. ಹೋಲಿಸಲು ಹೊರಟರೆ ಮುಂದಿನ ತಿಂಗಳೇ ನಿಮ್ಮ ಮೂರುಗಳೆಲ್ಲ ಎಂಟಾಗುತ್ತವೆ, ಕೆಲಸ ಇದ್ದಷ್ಟೇ ಇರುತ್ತದೆ. ಸಾಹೇಬ್ರಿಗೆ ಬೇಕಾದದ್ದು ತಾರೀಖು. ಹಿಂದಿನ ಕೆಲವು ಸ್ಪ್ರಿಂಟ್‌ಗಳಲ್ಲಿ ಎಷ್ಟು ಪಾಯಿಂಟ್ ನಿಜವಾಗಿ ಮುಗಿದವು, ಇನ್ನು ಎಷ್ಟು ಉಳಿದಿವೆ, ಈ ಎರಡನ್ನು ಒಂದು ಹಾಳೆಯಲ್ಲಿ ಕೊಡಿ, ತಾರೀಖು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಎಕ್ಸೆಲ್‌ನ ತಾಸಿನ ಕಾಲಂ ಅಳಿಸುವ ಅಧಿಕಾರ ನಿಮಗೆ ಇರಲಿಕ್ಕಿಲ್ಲ. ಹೈಡ್ ಮಾಡಲು ಬರುತ್ತದಲ್ಲ?